ಪಕ್ಕದ ಸೈಟಿಗೆ ಕಲ್ಯಾಣ ಮಂಟಪ ಬರುತ್ತಿದೆಯೇ? ಪಾಯ ತೋಡುವ ಮುಂಚೆ ಹೀಗೆ ಮಾಡಿ

ದಾವಣಗೆರೆಯ ವಿದ್ಯಾನಗರ, ನಿಟ್ಟುವಳ್ಳಿ, ಎಂಸಿಸಿ ಬ್ಲಾಕ್‌, ಎಲ್ಲಿ ಹೋದರೂ ಇದೇ ಮಾತು: ‘ಇಲ್ಲಿ ಬರೀ ಮನೆಗಳೇ ಇದ್ವು ಅಲ್ವಾ, ಇದೆಲ್ಲ ಯಾವಾಗ ಬಂತು?’ ಕಟ್ಟಡ ಎದ್ದು ನಿಂತ ಮೇಲೆ ಈ ಪ್ರಶ್ನೆಗೆ ಬೆಲೆ ಕಡಿಮೆ. ಪಾಯ ತೋಡುವ ಮುಂಚೆ, ಕಾಗದದ ಮೇಲೆ ಕೇಳಿದರೆ ಬೆಲೆ ಜಾಸ್ತಿ.

ಮೊದಲು ನಕ್ಷೆ ನೋಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಡಿದ ಮಾಸ್ಟರ್ ಪ್ಲಾನ್, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ತೋರಿಸುವ ನಕ್ಷೆ, ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ ಕಚೇರಿಯಲ್ಲಿ ಸಿಗುತ್ತದೆ. ಚಿತ್ರದುರ್ಗದವರು ತಮ್ಮ ಊರಿನ ಪ್ರಾಧಿಕಾರಕ್ಕೆ ಹೋಗಬೇಕು. ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಹಸಿರು ಅಂದರೆ ಪಾರ್ಕು. ಸರ್ವೆ ನಂಬರ್ ಹಿಡಿದು ಹೋದರೆ ಹುಡುಕುವುದು ಸುಲಭ.

ನಕ್ಷೆಯ ಜೊತೆ ವಲಯ ನಿಯಮಾವಳಿ ಅಂತ ಇರುತ್ತದೆ. ಅದನ್ನು ಓದದೆ ಜಗಳಕ್ಕೆ ಇಳಿಯಬೇಡಿ. ವಸತಿ ವಲಯಕ್ಕೆ ಅದರಲ್ಲಿ ಎರಡು ಪಟ್ಟಿ. ಒಂದು, ನೇರವಾಗಿ ಅವಕಾಶ ಇರುವಂಥವು. ಇನ್ನೊಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಿದರೆ ಮಾತ್ರ ಮಾಡಬಹುದಾದಂಥವು. ನಿಮ್ಮ ತಕರಾರಿನ ಕಟ್ಟಡ ಎರಡನೇ ಪಟ್ಟಿಯಲ್ಲಿದ್ದರೆ, ಒಪ್ಪಿಗೆ ಕೊಟ್ಟವರು ಯಾರು, ರಸ್ತೆ ಅಗಲದ ಷರತ್ತು ಇದ್ದರೆ ಅದು ಪಾಲನೆಯಾಗಿದೆಯಾ ಅಂತ ಕೇಳಬಹುದು. ಮೂಲೆಯ ಕಿರಾಣಿ ಅಂಗಡಿ, ಹೊಲಿಗೆ ಮಷಿನ್ ಇಟ್ಟುಕೊಂಡವರ ಮೇಲೆ ಮಾತ್ರ ಈ ನಿಯಮ ಝಳಪಿಸಬೇಡಿ. ಅವರಿಂದ ಬೀದಿ ಕೆಡುವುದಿಲ್ಲ.

ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸಬೇಕಾದರೆ ಕಾಯ್ದೆಯ 14ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಆ ಪ್ರಕಟಣೆ ಸಣ್ಣ ಅಕ್ಷರದಲ್ಲಿ ಎಲ್ಲೋ ಒಳಪುಟದಲ್ಲಿ ಬರುತ್ತದೆ. ಹಾಗಾಗಿ ಬೀದಿಯಲ್ಲಿ ಒಬ್ಬರಿಗೆ ಇದೇ ಕೆಲಸ ವಹಿಸಿ. ನಿವೃತ್ತ ಮೇಷ್ಟ್ರು ಯಾರಾದರೂ ಇದ್ದರೆ ಬಹಳ ಒಳ್ಳೆಯದು.

ಆಕ್ಷೇಪಣೆ ಬರೆಯುವುದರಲ್ಲೇ ಅರ್ಧ ಕೆಲಸ ಇದೆ. ‘ನಮಗೆ ತೊಂದರೆ ಆಗುತ್ತದೆ’ ಅಂತ ಬರೆದರೆ ಸಾಲದು. ಟೇಪು ಹಿಡಿದು ರಸ್ತೆ ಅಳೆಯಿರಿ, ಎಷ್ಟು ಅಡಿ ಅಂತ ಬರೆಯಿರಿ. ಯುಜಿಡಿ (ಒಳಚರಂಡಿ) ಛೇಂಬರ್ ಈಗಲೇ ಉಕ್ಕುತ್ತಿದ್ದರೆ ಫೋಟೋ ತೆಗೆದು ದಿನಾಂಕ ಹಾಕಿ. ಮದುವೆ ದಿನ ಕಾರುಗಳು ಎಲ್ಲಿ ನಿಲ್ಲಬೇಕು, ಜನರೇಟರ್ ಯಾರ ಮಲಗುವ ಕೋಣೆಯ ಪಕ್ಕಕ್ಕೆ ಬರುತ್ತದೆ, ಆಂಬುಲೆನ್ಸ್ ತಿರುಗಲು ಜಾಗ ಉಳಿಯುತ್ತದಾ, ಇದನ್ನೆಲ್ಲ ಒಂದೊಂದೇ ಸಾಲಿನಲ್ಲಿ ಹೇಳಿ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ನಂತರ 45. ಅದನ್ನೂ ಸೇರಿಸಿ. ಒಂದೇ ಅರ್ಜಿಗೆ ಐವತ್ತು ಸಹಿ ಹಾಕಿಸುವುದಕ್ಕಿಂತ ಮನೆಗೊಂದು ಪತ್ರ ಕೊಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಟಪಾಲು ಟೇಬಲ್ ಬಿಟ್ಟು ಕದಲಬೇಡಿ.

ಕಟ್ಟಡ ಆಗಲೇ ಶುರುವಾಗಿದೆಯಾ? ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಲೈಸೆನ್ಸ್ ಮತ್ತು ಮಂಜೂರಾದ ಪ್ಲಾನ್ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗಕ್ಕೆ ರೋಲಿಂಗ್ ಶಟರ್ ಬಂದಿದ್ದರೆ ಅದನ್ನೇ ಹಿಡಿದು ಆಯುಕ್ತರಿಗೆ ದೂರು ಕೊಡಿ. 1976ರ ಪಾಲಿಕೆ ಕಾಯ್ದೆಯಲ್ಲಿ ಪ್ಲಾನ್ ಮೀರಿದ ಭಾಗವನ್ನು ಕೆಡವಿಸುವ ಅಧಿಕಾರ ಇದೆ.

ಬೀದಿಯ ಜನರ ಮಾತು ಯಾರು ಕೇಳುತ್ತಾರೆ ಅಂತ ಸುಮ್ನೆ ಕೂರಬೇಡಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು.

ಇನ್ನೊಂದು ಅವಕಾಶ ಮಾಸ್ಟರ್ ಪ್ಲಾನ್ ಪರಿಷ್ಕರಣೆ. ಹತ್ತು ವರ್ಷಕ್ಕೊಮ್ಮೆಯಾದರೂ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಅಭಿಪ್ರಾಯ ತಿಳಿಸಲು 60 ದಿನ ಸಿಗುತ್ತದೆ. ಹಳದಿ ಇದ್ದ ನಿಮ್ಮ ರಸ್ತೆ ಕರಡಿನಲ್ಲಿ ನೀಲಿಯಾಗಿದ್ದರೆ ಆ 60 ದಿನದೊಳಗೇ ಬರೆದು ಕೊಡಿ. ಅಂತಿಮ ಮಂಜೂರಾತಿ ಆದಮೇಲೆ ನಿಮ್ಮ ಕೈಯಲ್ಲಿ ಉಳಿಯುವ ದಾರಿ ಬಹಳ ಕಡಿಮೆ.