ಮಂಡಿಪೇಟೆಯಲ್ಲಿ 22 ಅಡಿ ಉಳಿಸಿಕೊಂಡೆವು

ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ ಇದೆ. ತಾತ ಶುರು ಮಾಡಿದ್ದು. ಹಿಪ್ಪಲಿ, ಬಜೆ, ಮಾಚಿಕಾಯಿ, ಬಾಣಂತಿ ಖಾರದ ಸಾಮಾನು, ಸಾಂಬ್ರಾಣಿ, ಕರ್ಪೂರ, ಮದುವೆ ಮನೆಯವರು ಕೊನೇ ಗಳಿಗೆಯಲ್ಲಿ ಓಡಿಬಂದು ಕೇಳುವ ಸಣ್ಣಪುಟ್ಟದ್ದೆಲ್ಲ ಸಿಗುತ್ತದೆ. ಕಟ್ಟಡದ ಮುಖ 17 ಅಡಿ, ಉದ್ದ 84 ಅಡಿ. ಪೇಟೆಯ ಹಳೆ ಕಟ್ಟಡಗಳೆಲ್ಲ ಹೀಗೇ, ರೈಲು ಡಬ್ಬಿಯ ಹಾಗೆ. ಮುಂದೆ ಜಗಲಿ, ಆಮೇಲೆ ಅಂಗಡಿ, ಅದರ ಹಿಂದೆ ಉಗ್ರಾಣ, ಕೊನೆಯಲ್ಲಿ ಒಂದು ಸೇದೋ ಬಾವಿ. ಮಣ್ಣಿನ ಗೋಡೆ, ತೇಗದ ತೊಲೆ, ಮೇಲೆ ಮಂಗಳೂರು ಹೆಂಚು.

ಪಕ್ಕದವರು ತಮ್ಮ ಜಾಗ ಮಾರಿದ ಮೇಲೆ ನಮಗೂ ಬಿಸಿ ತಟ್ಟಿತು. ಕೊಂಡವರು ಜೆಸಿಬಿ ತಂದರು. ನಮಗೂ ಅವರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡೇ ದಿನದಲ್ಲಿ ಆ ಕಡೆ ಎಲ್ಲ ಬಯಲಾಯಿತು, ಈ ಕಡೆ ಗೋಡೆಯ ಉದ್ದಕ್ಕೂ ಬೆರಳು ತೂರುವಷ್ಟು ಬಿರುಕು. ಅದೇ ವಾರ ಬಿಲ್ಡರ್ ಒಬ್ಬರು ಮನೆಗೆ ಬಂದರು. ಎಲ್ಲ ಕೆಡವಿ ನಾಲ್ಕು ಅಂತಸ್ತು ಎಬ್ಬಿಸೋಣ, ನೆಲಮಹಡಿ ನಿಮಗೆ, ಉಳಿದದ್ದರಲ್ಲಿ ಪಾಲು ಅಂದರು. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಈ ಮಾತು ತುಂಬಾ ಹಿಡಿಸಿತು. ಸುಳ್ಳು ಯಾಕೆ, ನನಗೂ ಹಿಡಿಸಿತ್ತು.

ರಾತ್ರಿ ಕೂತು ಲೆಕ್ಕ ಹಾಕಿದೆ. 17 ಅಡಿಯಲ್ಲಿ ಎರಡು ಕಡೆ ಕಾಲಂ, ಗೋಡೆ ಅಂತ ಒಂದೂವರೆ ಅಡಿ ಹೋಯಿತು. ಮೇಲಿನ ಅಂತಸ್ತುಗಳಿಗೆ ಮೆಟ್ಟಿಲು, ಲಿಫ್ಟು, ಅದಕ್ಕೊಂದು ಓಣಿ ಬೇಕು, ಅದೂ ರಸ್ತೆ ಕಡೆಯಿಂದಲೇ. ಅದಕ್ಕೆ 6 ಅಡಿ. ನನ್ನ ಅಂಗಡಿಗೆ ರಸ್ತೆ ಮುಖ ಉಳಿಯುವುದು ಒಂಬತ್ತೂವರೆ ಅಡಿ! ಗಿರಾಕಿಯ ಕಣ್ಣಿಗೆ ಬೀಳುವ ಜಾಗವನ್ನೇ ಅರ್ಧ ಮಾರಿ, ಯಾರೂ ಹತ್ತದ ಮೂರನೇ ಮಹಡಿ ಕೊಂಡುಕೊಂಡ ಹಾಗೆ. ಬೀದಿಯಲ್ಲಿ ಹೊಸದಾಗಿ ಎದ್ದ ಕಟ್ಟಡಗಳನ್ನು ಕತ್ತೆತ್ತಿ ನೋಡಿಕೊಂಡು ಬಂದೆ. ಮೇಲಿನ ಅಂತಸ್ತುಗಳಲ್ಲಿ 'ಬಾಡಿಗೆಗೆ ಇದೆ' ಬೋರ್ಡುಗಳೇ ಜಾಸ್ತಿ ಇದ್ದವು. ಕಾರು ನಿಲ್ಲಿಸಲು ಜಾಗವಿಲ್ಲದ ಬೀದಿಯಲ್ಲಿ ಮೇಲೆ ಯಾರು ಬರುತ್ತಾರೆ?

ಹೆಸರಿಗೆ ಇದು ಮಂಡಿಪೇಟೆ. ಮಂಡಿ ವ್ಯಾಪಾರ ಬಹುಪಾಲು ಬಟವಾಡಿಯ ಎಪಿಎಂಸಿ ಯಾರ್ಡಿಗೆ ಹೋಗಿ ಕಾಲವಾಯಿತು. ತರಕಾರಿ ಅಂತರಸನಹಳ್ಳಿಗೆ ಹೋಯಿತು. ಆದರೂ ಪೇಟೆ ಸಾಯಲಿಲ್ಲ. ಹಳ್ಳಿಯವರು ಕಾಸಿಗೆ, ಕಡಕ್ಕೆ, ಮಾತಿಗೆ ಇಲ್ಲಿಗೇ ಬರುತ್ತಾರೆ. ಅವರು ಬಂದು ಕೂರುವುದು ಜಗಲಿ ಮೇಲೆ. ಸೊಸೆಗೆ ಎಷ್ಟು ತಿಂಗಳು, ಬಾಣಂತಿ ಖಾರಕ್ಕೆ ಏನೇನು ಹಾಕಬೇಕು, ಎಲ್ಲ ಅಲ್ಲೇ. ಬಿಲ್ಡರ್ ತಂದ ನಕ್ಷೆಯಲ್ಲಿ ಜಗಲಿ ಇರಲಿಲ್ಲ. ಗಾಜಿನ ಬಾಗಿಲಿತ್ತು.

ಕೊನೆಗೆ ಒಂದು ನಿರ್ಧಾರಕ್ಕೆ ಬಂದೆವು. ಮುಂದಿನ 22 ಅಡಿ, ಅಂದರೆ ಜಗಲಿ ಮತ್ತು ಅಂಗಡಿ, ಹಾಗೇ ಇರಲಿ. ಹಿಂದಿನ ಉಗ್ರಾಣ ಕೆಡವಿ ಎರಡು ಅಂತಸ್ತು ಆರ್‌ಸಿಸಿ ಕಟ್ಟೋಣ. ಕೆಳಗೆ ಗೋದಾಮು, ಮೇಲೆ ಪ್ಯಾಕಿಂಗ್. ತಮ್ಮನ ಪಾಲಿಗೆ ಹಣ ಕೊಟ್ಟು ನೋಂದಾಯಿತ ವಿಭಾಗ ಪತ್ರ ಮಾಡಿಸಿದೆ. ಅದಕ್ಕೂ ಮೊದಲು ಖಾತೆ ತಾತನ ಹೆಸರಿನಲ್ಲೇ ಇತ್ತು. ವಂಶವೃಕ್ಷ, ಅತ್ತೆಯಂದಿರ ಒಪ್ಪಿಗೆ, ಇದೆಲ್ಲ ಮುಗಿಯಲು ಎಂಟು ತಿಂಗಳು ಹಿಡಿಯಿತು. ಕಟ್ಟುವುದಕ್ಕಿಂತ ಇದೇ ದೊಡ್ಡ ಕೆಲಸ. ಹಳೆ ಕಟ್ಟಡ ಇರುವವರು ಮೊದಲು ಕಾಗದ ನೋಡಿಕೊಳ್ಳಿ, ಬಿರುಕು ಆಮೇಲೆ.

ಇಂಥ ಕಟ್ಟಡ ಉಳಿಸಲು ಸರ್ಕಾರದ್ದೇನೋ ಸಹಾಯ ಸಿಗುತ್ತೆ ಅಂತ ಕೆಲವರು ಹೇಳಿದ್ದರು. ಪ್ರಾಚೀನ ಸ್ಮಾರಕಗಳಿಗೆ ರಾಜ್ಯದ್ದು 1961ರ ಕಾಯ್ದೆ ಇದೆ ನಿಜ. ಅದು ಘೋಷಣೆಯಾದ ಸ್ಮಾರಕಗಳಿಗೆ. ಗ್ರಂಧಿಗೆ ಅಂಗಡಿಯನ್ನು ಯಾರೂ ಸ್ಮಾರಕ ಅನ್ನುವುದಿಲ್ಲ. ಉಳಿಸಿದರೂ ನಾವೇ, ಕೆಡವಿದರೂ ನಾವೇ.

ಟೈಲರ್ ವಿಷಯ ಹೇಳಬೇಕು. ಜಗಲಿಯ ಬಲಗಡೆ 90 ಚದರಡಿಯ ಗೂಡಂಗಡಿಯಲ್ಲಿ ಮೂವತ್ತು ವರ್ಷದಿಂದ ಒಬ್ಬರು ಹೊಲಿಯುತ್ತಿದ್ದಾರೆ. ಬಿಲ್ಡರ್ ಮೊದಲು ಹೇಳಿದ್ದೇ ಅವರನ್ನು ಎಬ್ಬಿಸಿ ಅಂತ. ವಕೀಲರನ್ನು ಕೇಳಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ವ್ಯಾಪಾರದ ಜಾಗ 14 ಚದರ ಮೀಟರ್ ಒಳಗಿದ್ದರೆ, ಅಂದರೆ ಸುಮಾರು 150 ಚದರಡಿ, ಬಾಡಿಗೆದಾರನಿಗೆ ಕಾಯ್ದೆಯ ರಕ್ಷಣೆ ಇದೆ. ಅದಕ್ಕಿಂತ ದೊಡ್ಡದಕ್ಕೆ ಇಲ್ಲ ಅಂದರು. ಸಣ್ಣ ಅಂಗಡಿಯವನ ಬೆನ್ನಿಗೆ ಇಂಥದ್ದೊಂದು ಇದೆ ಅಂತ ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಿರಲಿ, ಅವರನ್ನು ಕಳಿಸುವ ಮನಸ್ಸು ನನಗೇ ಇರಲಿಲ್ಲ. ಕೆಲಸ ನಡೆದ ಏಳು ತಿಂಗಳು ಎದುರು ಅಂಗಡಿಯವರು ತಮ್ಮ ಜಗಲಿಯಲ್ಲಿ ಅವರ ಮಿಷನ್ ಇಡಲು ಜಾಗ ಕೊಟ್ಟರು. ಬಾಡಿಗೆ ತಗೊಳ್ಳಲಿಲ್ಲ, ಮಗಳ ಮದುವೆ ಬ್ಲೌಸುಗಳನ್ನು ಪುಕ್ಕಟೆ ಹೊಲಿಸಿಕೊಂಡರು.

ಈಗ ನಾನು ಮಾಡಿದ ತಪ್ಪು. ಬಿರುಕು ಬಿಟ್ಟ ಗೋಡೆಗೆ ಅವಸರದಲ್ಲಿ ಸಿಮೆಂಟ್ ಹಾಕಿಸಿಬಿಟ್ಟಿದ್ದೆ. ನೋಡಲು ಗಟ್ಟಿಯಾಗಿತ್ತು. ಒಂದು ಮಳೆಗಾಲ ಕಳೆಯಿತು. ಗೋಡೆ ಮೇಲೆ ಬಿಳಿ ಉಪ್ಪು ಉಕ್ಕಿತು, ತಟ್ಟಿದರೆ ಡಬ್ ಡಬ್ ಸದ್ದು. ಮಧುಗಿರಿ ಕಡೆಯಿಂದ ಬಂದ ವಯಸ್ಸಾದ ಗಾರೆ ಮೇಸ್ತ್ರಿ ಒಂದು ಕಡೆ ಉಳಿಯಿಂದ ಕಿತ್ತು ತೋರಿಸಿದರು. ಒಳಗಿನ ಮಣ್ಣು ನೆಂದು ಹಿಟ್ಟಿನ ಹಾಗಾಗಿತ್ತು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. "ಸ್ವಾಮಿ, ಬೆವರೋ ಮೈಗೆ ರೈನ್‌ಕೋಟ್ ತೊಡಿಸಿದೀರಿ" ಅಂದರು.

ಎಲ್ಲ ಕಿತ್ತು ಮತ್ತೆ ಸುಣ್ಣದಲ್ಲೇ ಮಾಡಿಸಿದೆವು. ಸುಟ್ಟ ಸುಣ್ಣ ತಂದು ಹಿತ್ತಲಿನ ತೊಟ್ಟಿಯಲ್ಲಿ ಅರಳಿಸಿ, ಮೂರು ವಾರ ನೀರಿನಡಿ ಬಿಟ್ಟರು. ಅಷ್ಟರಲ್ಲಿ ಮೇಸ್ತ್ರಿ ಒಂದು ಪಟ್ಟಿ ಕೊಟ್ಟರು: ಬೆಲ್ಲ 20 ಕೆಜಿ, ಅಳಲೆಕಾಯಿ 15 ಕೆಜಿ. ನನಗೆ ನಗು ಬಂತು. ಅಳಲೆಕಾಯಿ ನಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಮೂರನೇ ಡಬ್ಬಿ! ಹೊಟ್ಟೆ ಸರಿಯಿಲ್ಲದವರಿಗೆ ಎಂಬತ್ತು ವರ್ಷ ಮಾರಿದ ಸರಕನ್ನು ಅದೇ ಅಂಗಡಿಯ ಗೋಡೆಗೆ ಹಾಕಬೇಕಾಯಿತು. ಎರಡನ್ನೂ ನೀರಿನಲ್ಲಿ ಕೊಳೆಹಾಕಿ, ಹುಳಿ ವಾಸನೆ ಬರುವ ಆ ನೀರಿನಲ್ಲಿ ಗಾರೆ ಕಲೆಸಿದರು. ಗಾರೆ ಬೇಗ ಬಿಗಿಯುವುದಿಲ್ಲ, ಬಿರುಕು ಬಿಡುವುದಿಲ್ಲ, ಕೈಗೆ ಬೆಣ್ಣೆಯ ಹಾಗೆ ಬರುತ್ತೆ ಅಂದರು. ಆಮೇಲೆ ದಿನಕ್ಕೆ ಮೂರು ಸಲ ಗೋಣಿತಾಟು ನೆನೆಸಿ ಹೊದಿಸುವುದು ನನ್ನ ಪಾಲಿನ ಕೆಲಸ. ಬೀದಿಯವರೆಲ್ಲ ಮೂಗು ಮುಚ್ಚಿಕೊಂಡೇ ಬಂದು ನೋಡಿ ಹೋದರು. ಖರ್ಚು ಸಿಮೆಂಟಿನ ಎರಡರಷ್ಟಾಯಿತು. ಸಾಮಾನಿಗಲ್ಲ, ಕೂಲಿಗೆ.

ಮರದ ಕೆಲಸ ಅಷ್ಟು ಕಷ್ಟವಾಗಲಿಲ್ಲ. ತೊಲೆಗಳು ಗಟ್ಟಿಯಾಗಿದ್ದವು, ಗೋಡೆಯೊಳಗೆ ಕೂತ ತುದಿಗಳು ಮಾತ್ರ ಪುಡಿಪುಡಿ. ಆ ತುದಿ ಕತ್ತರಿಸಿ, ಕಬ್ಬಿಣದ ಪಟ್ಟಿಯಲ್ಲಿ ಹೊಸ ಮರ ಜೋಡಿಸಿ, ಗೇರೆಣ್ಣೆ ಬಳಿದರು. ಹೊಸ ಆರ್‌ಸಿಸಿಯನ್ನು ಹಳೆ ಗೋಡೆಗೆ ತಾಗಿಸಬೇಡಿ, ಎರಡೂ ನೆಲದಲ್ಲಿ ಒಂದೇ ಸಮ ಇಳಿದು ಕೂರುವುದಿಲ್ಲ ಅಂತ ಎಂಜಿನಿಯರ್ ಹೇಳಿದ್ದರು. ಅದಕ್ಕೆ ನಡುವೆ ಎರಡಂಗುಲ ಸಂದು ಬಿಟ್ಟಿದ್ದೇವೆ. ವೈರಿಂಗ್ ಪೂರ್ತಿ ಹೊಸದು. ಇದರಲ್ಲಿ ಮಾತ್ರ ಹಳೆಯದರ ಮೋಹ ಬೇಡ.

ಹೆಂಚು ಇಳಿಸಿದಾಗ ಕೆಲವದರ ಬೆನ್ನಿನಲ್ಲಿ ಬಾಸೆಲ್ ಮಿಷನ್ ಮುದ್ರೆ, ಜೊತೆಗೆ 1865 ಅಂತ ಇತ್ತು. ನನ್ನ ಮಗ ನಮ್ಮ ಅಂಗಡಿಗೆ 150 ವರ್ಷ ಅಂತ ಬೀದಿಯೆಲ್ಲ ಸಾರಿದ. ಅದು ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಎಲ್ಲ ಹೆಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು. ತಾತನ ಕ್ರಯಪತ್ರ 1938ರದ್ದು. ಪಾಪ, ಅವನಿಗೆ ಬೇಜಾರಾಯಿತು.

ಹಲಗೆ ಬಾಗಿಲು ಉಳಿಸಿದೆವು. ಒಂಬತ್ತು ಹಲಗೆ, ಹಿಂದೆ ತಾತ ಕನ್ನಡ ಅಂಕಿಯಲ್ಲಿ ಬರೆದ ಸಂಖ್ಯೆ. ಕಳ್ಳರ ಭಯಕ್ಕೆ ಹೊರಗೊಂದು ರೋಲಿಂಗ್ ಶಟರ್ ಹಾಕಿಸಿದೆ. ನೋಡಲು ಚೆನ್ನಾಗಿಲ್ಲ. ಇರಲಿ, ರಾತ್ರಿ ನಿದ್ದೆ ಬರಬೇಕಲ್ವಾ? ಬಣ್ಣದಲ್ಲಿ ಬರೆದ ಹಳೆ ಬೋರ್ಡೂ ಇದೆ. 2024ರಲ್ಲಿ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕು ಅಂತ ಕಾನೂನು ಬಂದಾಗ ಬೀದಿಯಲ್ಲಿ ಎಲ್ಲರೂ ಪೇಂಟರ್ ಹಿಂದೆ ಬಿದ್ದರು. ನಮ್ಮದು ಮೊದಲಿಂದಲೂ ಪೂರ್ತಿ ಕನ್ನಡವೇ.

ಗೆಲ್ಲಲಾಗದ್ದು ರಸ್ತೆಯನ್ನು. ತಾತನ ಕಾಲದಲ್ಲಿ ಜಗಲಿಗೆ ಮೂರು ಮೆಟ್ಟಿಲಿದ್ದವಂತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ಈಗ ಒಂದೇ ಉಳಿದಿದೆ. ಜಗಲಿ ಎತ್ತರಿಸಿದರೆ ಸೂರಿನ ತೊಲೆ ಗಿರಾಕಿಯ ತಲೆಗೆ ಬಡಿಯುತ್ತದೆ. ಎತ್ತರಿಸದಿದ್ದರೆ ಜೋರು ಮಳೆಗೆ ನೀರು ಒಳಗೆ. ಸದ್ಯಕ್ಕೆ ಹೊಸ್ತಿಲಿಗೆ ಆರಂಗುಲದ ಕಲ್ಲು ಕೂರಿಸಿ, ಜಗಲಿ ಪಕ್ಕ ಸಣ್ಣ ಕಾಲುವೆ ತೆಗೆದು, ನೀರನ್ನು ಹಿಂದಿನ ಬಾವಿಗೆ ಬಿಟ್ಟಿದ್ದೇವೆ. ಆ ಕಲ್ಲನ್ನು ಎಡವದ ಗಿರಾಕಿ ಇಲ್ಲ.

ಹೋದ ತಿಂಗಳು ನಾಲ್ಕು ಅಂಗಡಿ ಆಚೆಯ ಬಟ್ಟೆ ವ್ಯಾಪಾರಿಯೊಬ್ಬರು ಬಂದು ಜಗಲಿ ಮೇಲೆ ಕೂತರು. ಗೋಡೆ ತಟ್ಟಿ ನೋಡಿದರು, ಮೂಸಿಯೂ ನೋಡಿದರು. ಬಿಲ್ಡರ್ ಈಗ ಅವರ ಮನೆಗೆ ಬಂದಿದ್ದಾನಂತೆ. ಮೇಸ್ತ್ರಿ ಫೋನ್ ನಂಬರ್ ಬರೆದುಕೊಟ್ಟೆ. ಮೇಸ್ತ್ರಿಗೆ ಕಣ್ಣು ಮಂಜಾಗಿದೆ, ಸಿದ್ಧಗಂಗೆ ಜಾತ್ರೆ ಕಳೆಯುವ ತನಕ ಬರಲ್ಲ ಅಂದಿದ್ದಾರೆ ಅಂತಲೂ ಹೇಳಿದೆ. ನಮ್ಮ ಗೋಡೆಯ ಈಶಾನ್ಯ ಮೂಲೆಯಲ್ಲೂ ಇನ್ನೂ ಅಂಗೈಯಗಲ ತೇವ ಉಳಿದಿದೆ, ಅದಕ್ಕೂ ಅವರೇ ಬರಬೇಕು. ಅಳಲೆಕಾಯಿ ಎತ್ತಿಟ್ಟಿದ್ದೇನೆ.