ಹಳೆಯ ಸಿಡಿಯಿಂದ ಐಎಸ್‌ಒ ಫೈಲ್: ನಾನು ಮಾಡುವ ಕ್ರಮ

ಮನೆಯಲ್ಲೇ ಬರೆದ ಹಳೆಯ ಸಿಡಿ-ಆರ್‌ನಿಂದ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಲು ನಾನು ಹೋಗುವುದಿಲ್ಲ. ಮೊದಲು ಇಡೀ ಡಿಸ್ಕಿನ ಐಎಸ್‌ಒ ಮಾಡಿಕೊಳ್ಳುತ್ತೇನೆ, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೇ ಒಂದೇ ಫೈಲಿಗೆ ಇಳಿಸಿದ ಇಮೇಜ್. ಕಾಪಿ ಮಾಡುವಾಗ ಗೀರು ಸಿಕ್ಕರೆ ಕೆಲಸ ಅಲ್ಲೇ ನಿಲ್ಲುತ್ತದೆ. ಇಮೇಜ್ ಮಾಡುವಾಗ ಓದಲಾಗದ ಸೆಕ್ಟರ್ (ಡಿಸ್ಕಿನ ಡೇಟಾದ ಚಿಕ್ಕ ತುಂಡು) ಬಿಟ್ಟು ಮುಂದೆ ಹೋಗಿ, ಆಮೇಲೆ ಮರಳಿ ಬರಬಹುದು. ನುಡಿ, ಬರಹ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳಿರುವ ಡಿಸ್ಕಿಗಂತೂ ಇದೇ ಸರಿ: ಯೂನಿಕೋಡ್ ಅಲ್ಲದ ಆ ಪಠ್ಯ ತನ್ನ ಫಾಂಟ್ ಇಲ್ಲದೆ ಕನ್ನಡವಾಗಿ ಕಾಣದು, ಆ ಫಾಂಟ್ ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ ಇದ್ದರೂ ಇರಬಹುದು.

ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಡೇಟಾದ ಜಾಡಿನ ಉದ್ದಕ್ಕೇ ಬೀಳುತ್ತದೆ. ಅಡ್ಡ ಗೀರನ್ನು ಡ್ರೈವ್ ತಿದ್ದಿಕೊಳ್ಳುತ್ತದೆ, ಉದ್ದ ಗೀರನ್ನು ತಿದ್ದಿಕೊಳ್ಳುವುದು ಕಷ್ಟ. ಸಿಡಿಯಲ್ಲಿ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು. ತೆಳು ಲ್ಯಾಕರ್ ಕೆಳಗೇ ಲೋಹದ ಪದರ ಇದೆ, ಅದು ಕಿತ್ತುಬಂದರೆ ಯಾವ ಪಾಲಿಶ್ ಹಾಕಿದರೂ ಪ್ರಯೋಜನವಿಲ್ಲ.

ಲಿನಕ್ಸ್‌ನಲ್ಲಿ ಐಸೊಸೈಜ್ ಕಮಾಂಡ್ ಫೈಲ್ ಸಿಸ್ಟಂ (ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ) ಎಷ್ಟು ಬೈಟ್ ಎಂದು ಹೇಳುತ್ತದೆ. ಅದನ್ನು ಒಂದು ಸೆಕ್ಟರಿನ ಅಳತೆಯಾದ 2048ರಿಂದ ಭಾಗಿಸಿದರೆ ಸೆಕ್ಟರ್ ಸಂಖ್ಯೆ. ಬೈಟುಗಳನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ ಕಮಾಂಡಿಗೆ ಬ್ಲಾಕ್ ಅಳತೆ 2048, ಎಣಿಕೆ ಅಷ್ಟೇ ಎಂದು ಕೊಡುತ್ತೇನೆ. ಎಣಿಕೆ ಕೊಡದೆ ಓದಿಸಿದರೆ, ಟ್ರ್ಯಾಕ್-ಅಟ್-ಒನ್ಸ್ ವಿಧಾನದಲ್ಲಿ (ಒಂದೊಂದು ಟ್ರ್ಯಾಕನ್ನೂ ಬೇರೆಬೇರೆಯಾಗಿ) ಬರೆದ ಡಿಸ್ಕಿನ ಕೊನೆಯಲ್ಲಿ ಎರರ್ ಬರುತ್ತದೆ. ಅಲ್ಲಿ ಡೇಟಾ ಇಲ್ಲದ 2 ಸೆಕ್ಟರ್‌ಗಳಿರುತ್ತವೆ. ಡಿಸ್ಕ್ ಕೆಟ್ಟಿದೆ ಎಂದು ಎಸೆಯಬೇಡಿ.

ಈ ಲೆಕ್ಕ ತಪ್ಪುವುದು ಹಲವು ಸಲ ಫೈಲ್ ಸೇರಿಸುತ್ತ ಹೋದ ಮಲ್ಟಿಸೆಷನ್ ಡಿಸ್ಕಿನಲ್ಲಿ. ಒಂದು ಸಲ ಬರೆದದ್ದು ಒಂದು ಸೆಷನ್. ಐಸೊಸೈಜ್ ಮೊದಲ ಸೆಷನ್ ಅಳತೆ ಮಾತ್ರ ಹೇಳುತ್ತದೆ, ಅಲ್ಲಿಗೇ ಕತ್ತರಿಸಿದರೆ ನಂತರ ಸೇರಿಸಿದ್ದೆಲ್ಲ ಹೋಗುತ್ತದೆ. ಹಾಗಾಗಿ ಸಿಡಿ-ಇನ್ಫೊ ಕಮಾಂಡಿನಲ್ಲಿ ಸೆಷನ್ ಎಷ್ಟಿವೆ ಎಂದು ಮೊದಲೇ ನೋಡಿ. ಒಂದಕ್ಕಿಂತ ಹೆಚ್ಚಿದ್ದರೆ ಡಿಸ್ಕಿನ ಕೊನೆಯವರೆಗೂ ಓದಿಸಿ. ಮೊದಲ ಮತ್ತು ಎರಡನೆಯ ಸೆಷನ್ ನಡುವೆ 11,400 ಸೆಕ್ಟರ್, ಅಂದರೆ ಸುಮಾರು 23 ಎಂಬಿ ಓದಲು ಬಾರದಂತೆ ಕಾಣುತ್ತದೆ. ಅದು ಗೀರಲ್ಲ, ಖಾಲಿ ಜಾಗ.

ಗೀರಿರುವ ಡಿಸ್ಕಿಗೆ ಡಿಡಿ ಸಾಲದು, ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯುವ ಗ್ನೂ ಡಿಡಿರೆಸ್ಕ್ಯೂ ಬೇಕು. ಮೊದಲ ಸುತ್ತಿನಲ್ಲಿ ‘-ಎನ್’ (ಈ ಆಯ್ಕೆಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ) ಕೊಟ್ಟು ಸುಲಭದ ಭಾಗವೆಲ್ಲ ತೆಗೆಯುತ್ತೇನೆ. ಎರಡನೆಯದರಲ್ಲಿ ‘-ಡಿ -ಆರ್3’, ಅಂದರೆ ನೇರ ಓದು, ಮೂರು ಮರುಪ್ರಯತ್ನ. ಎರಡರಲ್ಲೂ ‘-ಬಿ 2048’ ಇರಲಿ, ಯಾವ ಸೆಕ್ಟರ್ ಓದಾಯಿತು, ಯಾವುದು ಉಳಿಯಿತು ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಬಿಡಲೇಬೇಡಿ. ಅದಿದ್ದರೆ ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿ ಉಳಿದ ಸೆಕ್ಟರ್‌ಗಳನ್ನಷ್ಟೇ ಓದಿಸಬಹುದು. ಒಂದು ಡ್ರೈವ್ ಕೈಬಿಟ್ಟ ಸೆಕ್ಟರ್ ಇನ್ನೊಂದರಲ್ಲಿ ಸಿಗುವುದುಂಟು, ಆದ್ದರಿಂದ ಹಳೆಯ ಡ್ರೈವ್‌ಗಳನ್ನು ಗುಜರಿಗೆ ಹಾಕಬೇಡಿ. ವೇಗವನ್ನು 4ಎಕ್ಸ್‌ಗೆ ಇಳಿಸಿಯೂ ನೋಡಿ.

ಆಮೇಲೂ ಕೆಲವು ಸೆಕ್ಟರ್ ಉಳಿದರೆ ಯಾವ ಫೈಲ್ ಹಾಳಾಗಿದೆ ಎಂದು ತಿಳಿಯಬೇಕು. ಇಮೇಜಿನ ಒಂದು ಪ್ರತಿ ಮಾಡಿ, ಡಿಡಿರೆಸ್ಕ್ಯೂನ ಫಿಲ್-ಮೋಡ್‌ನಲ್ಲಿ ಓದಲಾಗದ ಜಾಗಕ್ಕೆಲ್ಲ ಒಂದು ಗುರುತಿನ ಪದ ತುಂಬಿಸಿ. ಆ ಪ್ರತಿಯನ್ನು ಮೌಂಟ್ ಮಾಡಿ (ಡಿಸ್ಕ್ ಹಾಕಿದಂತೆ ತೆರೆದು), ಪದ ಹುಡುಕುವ ಕಮಾಂಡ್ ಆದ ಗ್ರೆಪ್‌ನಿಂದ ಆ ಪದ ಹುಡುಕಿದರೆ ಕೆಟ್ಟ ಫೈಲುಗಳ ಹೆಸರು ಬರುತ್ತದೆ.

ಆಡಿಯೊ ಸಿಡಿಗೆ ಇದು ಯಾವುದೂ ಅನ್ವಯಿಸದು. ಅದರಲ್ಲಿ ಫೈಲ್ ಸಿಸ್ಟಂ ಇಲ್ಲ, ಸೆಕ್ಟರ್ 2352 ಬೈಟ್. ಸಿಡಿಆರ್‌ಡಿಎಒ ಎಂಬ ಪ್ರೋಗ್ರಾಂ ಬಳಸಿ ಬಿನ್ ಫೈಲನ್ನೂ (ಡಿಸ್ಕಿನ ಕಚ್ಚಾ ಪ್ರತಿ) ಟ್ರ್ಯಾಕ್ ಪಟ್ಟಿಯನ್ನೂ ಮಾಡಿಕೊಳ್ಳಿ.

ಇಮೇಜ್ ಪೂರ್ತಿಯಾದ ಮೇಲೆ ಓದಲು ಮಾತ್ರ ಎಂದು ಮೌಂಟ್ ಮಾಡಿ, ದೊಡ್ಡ ಫೈಲುಗಳನ್ನು ತೆರೆದು ನೋಡಿ, ಫೈಲ್ ಬದಲಾಗಿಲ್ಲ ಎಂದು ಮುಂದೆ ಪರೀಕ್ಷಿಸಲು ಶಾ-256 ಮೊತ್ತವನ್ನೂ ಮ್ಯಾಪ್ ಫೈಲನ್ನೂ ಜೊತೆಗಿಡಿ. ತುಂಬಿದ ಡಿವಿಡಿಯ 4.7 ಜಿಬಿ ಇಮೇಜ್ ಫ್ಯಾಟ್32 ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಅಷ್ಟು ದೊಡ್ಡ ಒಂದೇ ಫೈಲನ್ನು ಆ ಫಾರ್ಮ್ಯಾಟ್ ಹಿಡಿಸಿಕೊಳ್ಳದು, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿಕೊಂಡೇ ಹಾಕಿ.