ಕಾಗದದ ಮೇಲೆ ಸರಿದ ಸೂರ್ಯನ ಕಲೆಗಳು

60 ಮಿ.ಮೀ. ಟೆಲಿಸ್ಕೋಪಿನ ಹಿಂದೆ ಹಲಗೆ, ಹಲಗೆಯ ಮೇಲೆ 15 ಸೆಂ.ಮೀ. ಅಗಲದ ವೃತ್ತ ಬರೆದ ಬಿಳಿ ಕಾಗದ. ಸೂರ್ಯನ ಬಿಂಬವನ್ನು ವೃತ್ತದೊಳಗೆ ಕೂರಿಸಿ, ಸೂರ್ಯನ ಮೇಲಿನ ಕಪ್ಪು ಕಲೆ ಕಂಡಲ್ಲಿ ಪೆನ್ಸಿಲ್ ಚುಕ್ಕೆ ಇಡುವುದು. ನನ್ನ ಕೆಲಸ ಇಷ್ಟೇ. ಟೆಲಿಸ್ಕೋಪಿಗೆ ಕಣ್ಣು ಮಾತ್ರ ಯಾವತ್ತೂ ಇಡುವುದಿಲ್ಲ. ಬಿಸಿಲಿನ ಕಾವಿಗೆ ನನ್ನ ಪ್ಲಾಸ್ಟಿಕ್ ಐಪೀಸ್ (ಕಣ್ಣಿಡುವ ತುದಿಯ ಮಸೂರ) ಒಂದು ಕರಗಿಯೇ ಹೋಗಿದೆ. ಕಣ್ಣಾಗಿದ್ದರೆ?

ಮೊದಲ ಎರಡು ವಾರದ ಚಿತ್ರಗಳೆಲ್ಲ ವ್ಯರ್ಥ. ಯಾವ ಕಡೆ ಪೂರ್ವ ಅಂತ ಬರೆದೇ ಇರಲಿಲ್ಲ! ಈಗ ಟೆಲಿಸ್ಕೋಪನ್ನು ಸೂರ್ಯನ ಹಿಂದೆ ತಿರುಗಿಸುವ ಮೋಟಾರ್ ನಿಲ್ಲಿಸಿ, ಒಂದು ಕಲೆ ಕಾಗದದ ಮೇಲೆ ತಾನಾಗಿ ಜಾರಲು ಬಿಡುತ್ತೇನೆ. ಅದು ಜಾರಿದ ಗೆರೆಯೇ ಪೂರ್ವ-ಪಶ್ಚಿಮ. ಸೂರ್ಯನ ಅಕ್ಷದ ಓರೆಯ ಲೆಕ್ಕ ಖಗೋಳ ಪಂಚಾಂಗದಲ್ಲಿ ಸಿಗುತ್ತದೆ.

ಸೂರ್ಯ ತನ್ನ ಸುತ್ತ ತಿರುಗಿದಂತೆ ಕಲೆಗಳೂ ಸರಿಯುತ್ತವೆ. ಬಿಂಬದ ನಡುವಿನಿಂದ ಹೊರಟ ಕಲೆ ಮೊದಲ ದಿನ 17 ಮಿ.ಮೀ. ಸರಿಯಿತು. ಆರನೇ ದಿನ ಅಂಚಿನ ಹತ್ತಿರ ಬರೀ 5. ನಿಧಾನವಾಯಿತು ಅಂದುಕೊಂಡೆ. ಗೋಳದ ಮೈ ಅಲ್ಲಿ ಓರೆಯಾಗಿ ಕಾಣುತ್ತದೆ, ಅಷ್ಟೇ. ಡಿಗ್ರಿಗೆ ಬದಲಿಸಿದರೆ ಎರಡೂ ದಿನ ಹತ್ತಿರ ಹತ್ತಿರ 13. ಮಾರ್ಚ್‌ನಲ್ಲಿ ಇನ್ನೊಂದು ಮೋಸ: ಕಲೆಗಳು ಉತ್ತರಕ್ಕೆ ಏರಿ ಮತ್ತೆ ಇಳಿಯುವ ಹಾಗೆ ಕಂಡವು. ಸೂರ್ಯನ ದಕ್ಷಿಣ ಧ್ರುವ ಆಗ ನಮ್ಮ ಕಡೆ 7 ಡಿಗ್ರಿ ಬಾಗಿರುತ್ತದೆ, ಅದಕ್ಕೇ ದಾರಿ ಬಿಲ್ಲಿನಂತೆ ಬಾಗಿ ಕಾಣುತ್ತದೆ.

ಇವನ್ನೆಲ್ಲ ಕಳೆದ ಮೇಲೆ ನಿಜವಾದ ವ್ಯತ್ಯಾಸ ಸಿಕ್ಕಿತು. ಸಮಭಾಜಕದಿಂದ 8 ಡಿಗ್ರಿ ದೂರದ ಕಲೆ, 30 ಡಿಗ್ರಿ ದೂರದ ಕಲೆಗಿಂತ 8 ದಿನದಲ್ಲಿ ಸುಮಾರು 5 ಡಿಗ್ರಿ ಮುಂದೆ ಹೋಗಿತ್ತು. ಸೂರ್ಯ ಗಟ್ಟಿ ಚೆಂಡಲ್ಲ ಅಲ್ವಾ! ಸಮಭಾಜಕದಲ್ಲಿ ಸುಮಾರು 25 ದಿನಕ್ಕೊಂದು ಸುತ್ತು, ಧ್ರುವದ ಕಡೆ 30ಕ್ಕಿಂತ ಜಾಸ್ತಿ. ಇಂಗ್ಲೆಂಡಿನ ಖಗೋಳ ವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ 1853ರಿಂದ 1861ರವರೆಗೆ ಬಿಂಬವನ್ನು ಪರದೆಗೆ ಬೀಳಿಸಿಯೇ ಇದನ್ನು ಅಳೆದಿದ್ದ.

ಆಮೇಲೆ ಆಸೆ ಹೆಚ್ಚಾಯಿತು. ಸೂರ್ಯನ ಮೇಲ್ಮೈಯ ಅನಿಲ ಸಮಭಾಜಕದಿಂದ ಧ್ರುವದ ಕಡೆ ಮೆಲ್ಲಗೆ ಹರಿಯುತ್ತದೆ, ಸೆಕೆಂಡಿಗೆ 10ರಿಂದ 20 ಮೀಟರ್. ಅದನ್ನೂ ಹಿಡಿಯೋಣ ಅಂತ ಕೂತೆ. ಲೆಕ್ಕ ಹಾಕಿದರೆ ನನ್ನ ಕಾಗದದಲ್ಲಿ ದಿನಕ್ಕೆ 0.14 ಮಿ.ಮೀ. ಪೆನ್ಸಿಲ್ ಗೆರೆಯೇ ಅರ್ಧ ಮಿ.ಮೀ. ದಪ್ಪ! ನಕ್ಕು ಬಿಟ್ಟುಬಿಟ್ಟೆ.

ತಲೆ ಕೆಡಿಸಿದ್ದು ಬೇರೆ. ಕಲೆಗಳ ಸಂಖ್ಯೆ ಏರಿಳಿಯುವ 11 ವರ್ಷದ ಚಕ್ರದಲ್ಲಿ ಅವು 30 ಡಿಗ್ರಿಯಿಂದ ಸಮಭಾಜಕದ ಕಡೆ ಇಳಿದು ಬರುತ್ತವೆ ಅಂತ ಓದಿದ್ದೆ. ಹರಿವು ಆ ಕಡೆ, ಕಲೆ ಈ ಕಡೆ, ಹೇಗೆ? ಹಳೆಯ ಹಾಳೆಗಳನ್ನೆಲ್ಲ ಹರಡಿ ನೋಡಿದೆ. ಯಾವ ಕಲೆಯೂ ಇಳಿದಿರಲಿಲ್ಲ. ಹುಟ್ಟಿದ ಅಕ್ಷಾಂಶದ ಆಸುಪಾಸಿನಲ್ಲೇ ಪ್ರತಿಯೊಂದೂ ಸತ್ತಿತ್ತು. ಇಳಿಯುವುದು ಕಲೆ ಹುಟ್ಟುವ ಜಾಗ. ಈಗ ಕಲೆಗಳ ಪ್ರತಿ ಗುಂಪು ಮೊದಲ ಸಲ ಕಂಡ ದಿನದ ಅಕ್ಷಾಂಶವನ್ನು ಬೇರೊಂದು ಹಾಳೆಯಲ್ಲಿ ಗುರುತು ಹಾಕುತ್ತಿದ್ದೇನೆ. ಆ ಹಾಳೆ ತುಂಬಲು ಇನ್ನೂ ಹಲವು ವರ್ಷ ಬೇಕು.